ಉರಿ ನಿಂತಿತು ಅಂತ ಖುಷಿಪಡುವ ಮುನ್ನ

ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ ಬಂದವರು ಬಾಗಿಲಲ್ಲಿ ಬಗ್ಗಿ ನೋಡಿದರೆ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಜಾರಿತು, ಎಷ್ಟು ದೂರ ಬರಿಗಾಲಲ್ಲಿ ಬಂದದ್ದು, ಒಂದೂ ಗೊತ್ತಿಲ್ಲ. ಪಾದದ ನರ ಸೋತವರು ಡಾಕ್ಟರ ಮುಂದೆ ಕೂತು ಹೇಳುವ ಮೊದಲ ಮಾತು ಎಷ್ಟೋ ಸಲ ಇದೇ. ಕೆಲವರು ‘ಹತ್ತಿ ಮೇಲೆ ನಡೆದ ಹಾಗಾಗುತ್ತೆ’ ಅನ್ನುತ್ತಾರೆ, ಕೆಲವರು ‘ಅಂಗಾಲಿಗೆ ಏನೋ ಮೆತ್ತಿಕೊಂಡಿದೆ, ಎಷ್ಟು ತೊಳೆದರೂ ಹೋಗಲ್ಲ’ ಅನ್ನುತ್ತಾರೆ. ಇನ್ನು ಕೆಲವರಿಗೆ ಹಗಲೆಲ್ಲ ಜೋಮು, ರಾತ್ರಿ ಮಲಗಿದೊಡನೆ ಮೆಣಸಿನಪುಡಿ ಹಚ್ಚಿದಂಥ ಉರಿ. ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ.

ಉರಿ ಮತ್ತು ಮರಗಟ್ಟುವಿಕೆ ಎರಡು ಬೇರೆ ಬೇರೆ ತೊಂದರೆ. ಉರಿಗೆ ಮಾತ್ರೆ ಇದೆ. ಸ್ಪರ್ಶ ಹೋದದ್ದನ್ನು ವಾಪಸು ತರುವ ಮಾತ್ರೆ ಇಲ್ಲ. ಕಾರಣ ಬೇಗ ಸಿಕ್ಕಿ ಅದನ್ನು ಸರಿಪಡಿಸಿದರೆ ಮಾತ್ರ ಒಂದಿಷ್ಟು ಮರಳುತ್ತದೆ. ವರ್ಷಗಟ್ಟಲೆ ಉರಿದ ಕಾಲು ಒಂದು ದಿನ ತಾನಾಗಿ ತಣ್ಣಗಾದರೆ ಗುಣವಾಯಿತು ಅಂದುಕೊಳ್ಳಬೇಡಿ. ಉರಿಯನ್ನು ಸಾರುವುದಕ್ಕೂ ನರ ಜೀವಂತ ಇರಬೇಕು. ಅದೂ ಸತ್ತರೆ ಉರಿ ನಿಲ್ಲುತ್ತದೆ, ಅಲ್ಲಿಂದ ಮುಂದಿನದು ಹೆಚ್ಚು ಅಪಾಯದ ಕಾಲ.

ಬೆರಳ ತುದಿಯಿಂದಲೇ ಏಕೆ ಶುರುವಾಗುತ್ತದೆ? ಸೊಂಟದಿಂದ ಹೆಬ್ಬೆರಳಿಗೆ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಅಷ್ಟುದ್ದದ ಎಳೆಗೆ ಬೇಕಾದ ಪೋಷಣೆ ಬುಡದಿಂದಲೇ ಸಾಗಬೇಕು. ಸಕ್ಕರೆ ಜಾಸ್ತಿಯಾಗಿಯೋ ಬಿ12 ಸಾಲದೆಯೋ ಕುಡಿತದಿಂದಲೋ ಸಾಗಣೆ ಕುಂಟಿದರೆ ಮೊದಲು ಒಣಗುವುದು ತುದಿ, ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದ ಹಾಗೆ. ಎರಡೂ ಕಾಲಲ್ಲಿ ಸಮನಾಗಿ ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಜೋಮು ಶುರು.

ಈ ನಕ್ಷೆಗೆ ಹೊಂದದ್ದು ಬೇರೆ ಕಾಯಿಲೆಯಾಗಿರಬಹುದು. ಒಂದೇ ಕಾಲಿನಲ್ಲಿ, ಸೊಂಟದಿಂದ ಇಳಿದು ಬರುವ ಜೋಮಾದರೆ ಬೆನ್ನಿನ ಕಡೆ ನೋಡಬೇಕು. ಚರ್ಮದ ಮೇಲೆ ತಿಳಿ ಬಣ್ಣದ ಅಥವಾ ಕೆಂಪಾದ ಮಚ್ಚೆ ಇದ್ದು, ಅದರೊಳಗೆ ಮಾತ್ರ ಸ್ಪರ್ಶವಿಲ್ಲದಿದ್ದರೆ ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ, ಬೇಗ ಶುರು ಮಾಡಿದರೆ ಪೂರ್ತಿ ಗುಣ. ಪಾದದಲ್ಲಿ ಶುರುವಾದ ಜೋಮು ದಿನಗಳ ಲೆಕ್ಕದಲ್ಲಿ ಮೇಲೇರುತ್ತ ಕಾಲಿನ ಶಕ್ತಿಯೂ ಹೋಗುತ್ತಿದ್ದರೆ ಅದು ಗಿಲಾನ್ ಬಾರಿ ಸಿಂಡ್ರೋಮ್ ಎಂಬ ನರದ ಕಾಯಿಲೆ ಆಗಿರಬಹುದು, ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಉಸಿರಾಟದ ಸ್ನಾಯುಗಳಿಗೂ ಹಬ್ಬುವ ಕಾಯಿಲೆ ಅದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಿನದು. ಸಾಮಾನೇನೂ ಬೇಡ. ಪಾದ ತೋರಿಸುವವರು ಮಲಗಿ ಕಣ್ಣು ಮುಚ್ಚಿಕೊಳ್ಳಲಿ, ಮುಟ್ಟಿದಾಗ ಬಲ ಅಥವಾ ಎಡ ಅಂತ ಹೇಳಲಿ. ನೀವು ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು, ಈ ಕ್ರಮದಲ್ಲಿ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಹೂವಿನ ಎಸಳು ತಾಗಿದಷ್ಟೇ ಸಾಕು. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಎಲ್ಲರೂ ತಪ್ಪುವುದು ಇಲ್ಲೇ. ಒತ್ತಿದರೆ ಒಳಗಿನ ಬೇರೆ ನರಗಳು ಸುದ್ದಿ ಕೊಟ್ಟು ‘ಗೊತ್ತಾಯ್ತು’ ಅನ್ನಿಸುತ್ತವೆ. ಉತ್ತರ ಬರಲಿಲ್ಲವೆಂದು ಇನ್ನೊಮ್ಮೆ ಮುಟ್ಟಿ ಅವಕಾಶ ಕೊಡುವುದೂ ಬೇಡ. ಆರರಲ್ಲಿ ಎರಡೋ ಹೆಚ್ಚೋ ತಪ್ಪಿದರೆ ಅದು ಕಾವಲು ಬೇಕಾದ ಪಾದ.

ಆಸ್ಪತ್ರೆಯಲ್ಲಿ ಇದೇ ಕೆಲಸವನ್ನು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮಾಡುತ್ತಾರೆ, ಎಳೆ ಬಾಗುವಷ್ಟು ಮಾತ್ರ ಒತ್ತುತ್ತಾರೆ. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವಲನ್ನು (ಟ್ಯೂನಿಂಗ್ ಫೋರ್ಕ್) ಹೆಬ್ಬೆರಳ ಮೂಳೆಗೆ ಇಟ್ಟು ಅದುರು ತಿಳಿಯುತ್ತದೆಯೇ ಕೇಳುತ್ತಾರೆ. ಉಚಿತ ಶಿಬಿರಗಳಲ್ಲಿ ಚೀಟಿ ಬರೆದುಕೊಡುವ ಬಯೋಥೀಸಿಯೋಮೀಟರ್ ಕೂಡ ಅದುರನ್ನೇ ವೋಲ್ಟ್ ಲೆಕ್ಕದಲ್ಲಿ ಅಳೆಯುವುದು. 25 ದಾಟಿದರೆ ಹುಣ್ಣಾಗುವ ಸಂಭವ ಹೆಚ್ಚು. ನರದಲ್ಲಿ ಸಂಕೇತ ಹೇಗೆ ಸಾಗುತ್ತದೆ ಎಂದು ಯಂತ್ರದಿಂದ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ನಾರ್ಮಲ್ ಬಂದರೂ ಕಾಲು ಉರಿಯುತ್ತಿರಬಹುದು. ಆ ಯಂತ್ರಕ್ಕೆ ದಪ್ಪ ನರಗಳು ಮಾತ್ರ ಸಿಗುತ್ತವೆ, ಉರಿಯನ್ನು ಸಾರುವವು ಸಣ್ಣವು. ‘ಎಲ್ಲ ನಾರ್ಮಲ್, ಮನಸ್ಸಿನ ಭ್ರಮೆ’ ಅಂದವರ ಮಾತಿಗೆ ಸೊಪ್ಪು ಹಾಕಬೇಡಿ.

ಕಾರಣ ಹುಡುಕುವುದಕ್ಕೆ ಕನಿಷ್ಠ ಇಷ್ಟು ರಕ್ತಪರೀಕ್ಷೆ ಬೇಕು: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿ12, ಟಿಎಸ್‌ಎಚ್ (ಥೈರಾಯ್ಡಿಗೆ), ಕ್ರಿಯಾಟಿನಿನ್ (ಕಿಡ್ನಿಗೆ). ವಯಸ್ಸಾದವರಿಗೆ ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಕೂಡ. ಬಿ12 ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಸರಿಪಡಿಸಬಹುದಾದ ಕಾರಣ ಅದು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಹಲವು ವರ್ಷ ನುಂಗಿದವರಲ್ಲಿ ಬಿ12 ಇಳಿಯಬಹುದು. ಸಸ್ಯಾಹಾರಿಗಳಿಗೆ ಮೊದಲೇ ಕಡಿಮೆ ಇರುತ್ತದೆ. ಎರಡೂ ಸೇರಿದರೆ ಕೇಳುವುದೇ ಬೇಡ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ, 200ರಿಂದ 300ರ ನಡುವೆ ಅನುಮಾನ. ಔಷಧದಂಗಡಿಯವರು ಕೊಟ್ಟ ‘ನರದ ಇಂಜೆಕ್ಷನ್’ ನಾಲ್ಕು ಚುಚ್ಚಿಸಿಕೊಂಡು ಆಮೇಲೆ ಪರೀಕ್ಷೆಗೆ ಹೋದರೆ ಅಂಕಿ ಮೇಲೆ ಬಂದು ಕೂತಿರುತ್ತದೆ, ಮೊದಲು ಎಷ್ಟಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಮೊದಲು ರಕ್ತ ಕೊಡಿ, ಆಮೇಲೆ ಚುಚ್ಚಿಸಿಕೊಳ್ಳಿ. ಹಾಗೆಂದು ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಬಿ12 ತುಂಬಿಕೊಂಡರೆ ಸಾಕು.

ಬಿ12ರ ಹೆಸರಲ್ಲಿ ನುಂಗುವ ಮಾತ್ರೆಯ ಹಿಂಬದಿಯನ್ನೂ ಓದಿ. ಅದರಲ್ಲಿ ಪಿರಿಡಾಕ್ಸಿನ್, ಅಂದರೆ ಬಿ6, ಎಷ್ಟಿದೆ ಅಂತ ನೋಡಿ. ಎರಡು ಮೂರು ಕಂಪನಿಯ ‘ನರದ ಮಾತ್ರೆ’ಗಳನ್ನು ಒಟ್ಟಿಗೆ ವರ್ಷಗಟ್ಟಲೆ ನುಂಗಿದರೆ ಬಿ6 ಮಿತಿಮೀರಿ ಅದೇ ಜೋಮು ತರಿಸುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರ ಲೆಕ್ಕ ಬೇರೆ, ಅವರಿಗೆ ಸಣ್ಣ ಪ್ರಮಾಣದ ಬಿ6 ಬೇಕೇ ಬೇಕು. ಕ್ಯಾನ್ಸರಿಗೆ ಪ್ಯಾಕ್ಲಿಟಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟೀನ್ ಥರದ ಔಷಧಿ ಹೋಗುತ್ತಿರುವಾಗ ಬೆರಳು ಜೋಮು ಹಿಡಿದರೆ ಮುಂದಿನ ಡೋಸಿಗೆ ಮೊದಲೇ ಹೇಳಿ. ಪ್ರಮಾಣ ಬದಲಿಸುವುದು ಆಗಲೇ ಸಾಧ್ಯ.

ಈಗ ಉರಿಗೆ. ಸಾಮಾನ್ಯವಾಗಿ ಬರೆದುಕೊಡುವುದು ನಾಲ್ಕು: ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೆಗಾಬಲಿನ್, ಗ್ಯಾಬಾಪೆಂಟಿನ್. ಪ್ಯಾರಾಸಿಟಮಾಲ್, ಡೈಕ್ಲೋಫೆನ್ಯಾಕ್ ಇಂಥ ಉರಿಗೆ ಹೆಚ್ಚೇನೂ ಮಾಡವು, ಎರಡನೆಯದು ಕಿಡ್ನಿಗೆ ಕೆಡುಕು ಬೇರೆ. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂನಿಂದ ರಾತ್ರಿ ಶುರು. ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಬಹುದು, ಹೃದಯದ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಡುಲೋಕ್ಸೆಟಿನ್ 30ರಿಂದ ಶುರುವಾಗಿ ವಾರದ ಮೇಲೆ 60ಕ್ಕೆ ಹೋಗುತ್ತದೆ. ಮೊದಲ ದಿನಗಳ ವಾಕರಿಕೆಯನ್ನು ಊಟದ ಜೊತೆ ತೆಗೆದುಕೊಂಡು ತಗ್ಗಿಸಬಹುದು. ಪ್ರೆಗಾಬಲಿನ್ ತೂಕಡಿಕೆ, ತಲೆಸುತ್ತು, ಕಾಲು ಊತ, ತೂಕ ಏರಿಕೆ ತರುತ್ತದೆ. ಕಿಡ್ನಿ ಸೋತಿದ್ದರೆ ಪ್ರಮಾಣ ಇಳಿಸಲೇಬೇಕು. ನಾಲ್ಕನ್ನೂ ಏಕಾಏಕಿ ಬಿಡಬಾರದು. ಎರಡು ದಿನ ನುಂಗಿ ‘ಏನೂ ಆಗಲಿಲ್ಲ’ ಅಂತ ಎಸೆಯುವವರೇ ಬಹಳ. ಸರಿಯಾದ ಪ್ರಮಾಣ ತಲುಪಿ ಕೆಲವು ವಾರ ಕಾದ ಮೇಲೆ ತೀರ್ಪು ಕೊಡಿ. ನೋವು ಪೂರ್ತಿ ಹೋಗುವುದು ಅಪರೂಪ. ಅರ್ಧಕ್ಕೆ ಇಳಿದು ರಾತ್ರಿ ನಿದ್ದೆ ಬಂದರೆ ಮಾತ್ರೆ ಕೆಲಸ ಮಾಡಿತೆಂದೇ ಲೆಕ್ಕ.

ಹಚ್ಚುವ ಔಷಧಿಯಲ್ಲಿ ಕ್ಯಾಪ್ಸೈಸಿನ್ ಕ್ರೀಮು ಇದೆ, ಮೆಣಸಿನಕಾಯಿಯ ಖಾರದ ಅಂಶವೇ. 0.075 ಶೇಕಡದ್ದನ್ನು ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬೇಕು. ಮೊದಲ ವಾರ ಉರಿ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಬಿಟ್ಟು ಬಿಟ್ಟು ಹಚ್ಚಿದರೆ ಹೆಚ್ಚುವ ಭಾಗ ಮಾತ್ರ ಗಿಟ್ಟುತ್ತದೆ. ಬಿರುಕು, ಗಾಯದ ಮೇಲೆ ಬೇಡ, ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಣ್ಣಿಗೆ ತಾಗಿಸಬೇಡಿ. ಖಾರದಪುಡಿಯನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚುವ ಪ್ರಯೋಗಕ್ಕೆ ಮಾತ್ರ ಇಳಿಯಬೇಡಿ. ಬ್ಯಾಡಗಿಯದೋ ಗುಂಟೂರಿನದೋ, ಎಷ್ಟು ಖಾರ ಹೋಗುತ್ತಿದೆ ಅಂತ ಅಳೆಯಲು ಆಗುವುದಿಲ್ಲ, ಸುಟ್ಟದ್ದೂ ಗೊತ್ತಾಗುವುದಿಲ್ಲ.

ಒಂದು ಎಡವಟ್ಟಿನ ಬಗ್ಗೆ ಮುಂಚೆಯೇ ತಿಳಿದಿದ್ದರೆ ಒಳ್ಳೆಯದು. ಬಹುಕಾಲ 11, 12 ಇದ್ದ ಎಚ್‌ಬಿಎ1ಸಿಯನ್ನು ಇನ್ಸುಲಿನ್ ಹಾಕಿ ಮೂರು ತಿಂಗಳಲ್ಲಿ 7ಕ್ಕೆ ತಂದರೆ ಕೆಲವರಿಗೆ ಉರಿ ಹೊಸದಾಗಿ ಭುಗಿಲೇಳುತ್ತದೆ. ‘ಇನ್ಸುಲಿನ್ ಹಾಕಿದ್ದಕ್ಕೇ ಕಾಲು ಕೆಟ್ಟಿತು’ ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಸಕ್ಕರೆ ತೀರಾ ವೇಗವಾಗಿ ಇಳಿದದ್ದಕ್ಕೆ ಹೀಗಾಗುವುದು, ತಿಂಗಳುಗಳಲ್ಲಿ ತಗ್ಗುತ್ತದೆ. ಅಲ್ಲಿಯವರೆಗೆ ಮೇಲೆ ಹೇಳಿದ ಉರಿಯ ಮಾತ್ರೆಯ ಆಸರೆ ಇರಲಿ. ಕಣ್ಣಿನ ಹಿಂಪದರವನ್ನೂ ಆಗ ತೋರಿಸಿ, ಅಲ್ಲೂ ಇದೇ ವೇಗ ತೊಂದರೆ ಕೊಡುತ್ತದೆ.

ಇಲ್ಲಿಯವರೆಗಿನದು ಡಾಕ್ಟರ ಪಾಲಿನ ಕೆಲಸ. ಮರಗಟ್ಟಿದ ಪಾದವನ್ನು ಕಾಯುವುದು ಮನೆಯವರ ಪಾಲಿನದು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳನ್ನು ನೋಡುತ್ತ ಕಂಡುಕೊಂಡದ್ದು ಇಷ್ಟೇ: ಬೆರಳುಗಳು ರೋಗದಿಂದ ಉದುರುವುದಿಲ್ಲ, ನೋವು ಇಲ್ಲದ್ದರಿಂದ ದಿನವೂ ಸವೆದು, ಸುಟ್ಟು, ಕೊಯ್ದು ಹೋಗುತ್ತವೆ. ರಾತ್ರಿ ಇಲಿ ಕಡಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ, ಅದಕ್ಕೇ ಮನೆಗೆ ಹೊರಟವರ ಕೈಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳಿಸುತ್ತಿದ್ದರು. ಸಕ್ಕರೆ ಕಾಯಿಲೆಯ ಪಾದಕ್ಕೂ ಈ ಮಾತು ಚಾಚೂ ತಪ್ಪದೆ ಅನ್ವಯಿಸುತ್ತದೆ, ಇಲಿಯೂ ಸೇರಿ. ಹಂಚಿನ ಮನೆ, ಅಟ್ಟದಲ್ಲಿ ಇಲಿ ಇದ್ದರೆ ನೆಲದ ಮೇಲೆ ಮಲಗಬೇಡಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ.

ದಿನದ ತಪಾಸಣೆಗೆ ಐದು ನಿಮಿಷ ಸಾಕು, ಹೊತ್ತು ಮಾತ್ರ ಒಂದೇ ಇರಲಿ; ಸ್ನಾನದ ನಂತರವಾದರೆ ಚರ್ಮ ಮೆದುವಾಗಿ ಎಲ್ಲ ಕಾಣುತ್ತದೆ. ಅಂಗಾಲು ಕಾಣದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಫೋಟೊ ಇದ್ದರೆ ನಿನ್ನೆಯದರ ಜೊತೆ ಹೋಲಿಸಬಹುದು. ಹುಡುಕಬೇಕಾದದ್ದು ಹೆಬ್ಬೆರಳ ಬುಡದ ಉಬ್ಬಿನ ಮೇಲೆ ದಡ್ಡುಗಟ್ಟಿದ ಚರ್ಮ. ಅದರ ನಡುವೆ ಕಂದು ಅಥವಾ ಕಪ್ಪು ಚುಕ್ಕೆ ಕಂಡರೆ ಕೊಳೆ ಅಂದುಕೊಂಡು ಉಜ್ಜಬೇಡಿ. ದಡ್ಡಿನ ಕೆಳಗೆ ರಕ್ತ ಸೋರಿ ಒಣಗಿದ ಗುರುತು ಅದು, ಅಲ್ಲಿ ಆಗಲೇ ಹುಣ್ಣು ಶುರುವಾಗಿದೆ. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ನಡೆದಷ್ಟೂ ದಡ್ಡು ಒಳಗಿನ ಮಾಂಸವನ್ನು ಒತ್ತುತ್ತದೆ. ಬ್ಲೇಡಿನಲ್ಲಿ ಕೊಯ್ದುಕೊಳ್ಳುವುದೂ ಆಣಿ ಪಟ್ಟಿ ಅಂಟಿಸುವುದೂ ಬೇಡ. ಆ ಪಟ್ಟಿಯ ಸ್ಯಾಲಿಸಿಲಿಕ್ ಆಸಿಡ್‌ಗೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಅನ್ನುವ ಭೇದವಿಲ್ಲ.

ಬೆರಳ ಸಂದಿ ಬಿಡಿಸಿ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅಲ್ಲಿ ಬಿಳಿಯಾಗಿ ನೆನೆದ ಚರ್ಮ ಬಿರಿದು ಸೋಂಕಿಗೆ ಬಾಗಿಲಾಗುತ್ತದೆ. ಸಂದಿಯನ್ನು ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ಒಣಗಿಸಬೇಕು, ಅಲ್ಲಿಗೆ ಎಣ್ಣೆ ಕ್ರೀಮು ಏನೂ ಬೇಡ. ಹಿಮ್ಮಡಿಯದು ಇದಕ್ಕೆ ವಿರುದ್ಧ. ನರ ಸೋತ ಪಾದ ಬೆವರುವುದಿಲ್ಲ, ಒಣಗಿ ಬಿರಿಯುತ್ತದೆ. ಯೂರಿಯಾ ಇರುವ ಕ್ರೀಮು, ವ್ಯಾಸಲೀನ್, ಏನೂ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ, ಇನ್ನೂ ತೇವ ಇರುವಾಗಲೇ ಹಚ್ಚಿ. ಬಿಸಿ ಉಪ್ಪುನೀರಿನಲ್ಲಿ ಅರ್ಧ ಗಂಟೆ ಕಾಲು ಇಳಿಬಿಡುವುದು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಕಾಲುಂಗುರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರೆಗಾಬಲಿನ್‌ನಿಂದಲೋ ಕಿಡ್ನಿಯಿಂದಲೋ ಪಾದ ಊದಿದಾಗ ಬೆಳ್ಳಿಯ ಸುತ್ತು ಬೆರಳಿಗೆ ಕಚ್ಚಿ ಕೂರುತ್ತದೆ, ನೋವಿಲ್ಲದ್ದರಿಂದ ಕೆಳಗಿನ ಗಾಯ ವಾಸನೆ ಬರುವವರೆಗೆ ಕಾಣುವುದಿಲ್ಲ. ಬಾಯಿ ತೆರೆದಿರುವ, ಸುಲಭವಾಗಿ ತಿರುಗುವ ಉಂಗುರವಿರಲಿ, ವಾರಕ್ಕೊಮ್ಮೆ ತೆಗೆದು ಕೆಳಗಿನ ಚರ್ಮ ನೋಡಿ. ತೆಗೆಯಲಾಗದಷ್ಟು ಬಿಗಿಯಾದರೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಸಿ.

ಕಾಲು ಸುಡುವ ಅಪಾಯ ಮನೆಯ ಬಚ್ಚಲಲ್ಲೇ ಇದೆ. 60 ಡಿಗ್ರಿಯ ಗೀಸರ್ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿ. ಮೊಣಕೈ ಅದ್ದಿ ನೋಡಿ ಆಮೇಲೆ ಕಾಲು. ಕೈಬೆರಳೂ ಮರಗಟ್ಟಿದವರು ಬೆರಳ ಸಾಕ್ಷಿಯನ್ನು ನಂಬಬಾರದು. ಕಾಲು ತಣ್ಣಗಿದೆ ಅಂತ ಹಾಟ್ ವಾಟರ್ ಬ್ಯಾಗ್, ಉಪ್ಪಿನ ಕಾವು, ಬಿಸಿ ಇಟ್ಟಿಗೆ ಯಾವುದೂ ಬೇಡ, ದಪ್ಪ ಕಾಲುಚೀಲ ಸಾಕು. ಹಳೆಯ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಚಪ್ಪಲಿ ಬಿಟ್ಟು ಕಾಲಿಟ್ಟು ಕೂತರೆ ಇಳಿಯುವ ಹೊತ್ತಿಗೆ ಬೊಬ್ಬೆ. ದೇವಸ್ಥಾನದ ಅಂಗಳದ ಕಲ್ಲುಹಾಸು ಬೇಸಿಗೆಯ ಮಧ್ಯಾಹ್ನ ಕಾದ ಕಾವಲಿಯೇ ಸರಿ. ಪ್ರದಕ್ಷಿಣೆಯನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬರಿಗಾಲಿನ ಪಾದಯಾತ್ರೆಯ ಹರಕೆ ಇದ್ದರೆ ಬೇರೆ ಸೇವೆಗೆ ಬದಲಾಯಿಸಿಕೊಳ್ಳುವುದೇ ಲೇಸು, ದೇವರೇನೂ ಮುನಿಯಲಾರ.

ಚಪ್ಪಲಿಗೆ ಬರೋಣ. ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಅಂತ ಕೇಳಿ, ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನದು. ಮೇಲೆ ಮೆತ್ತಗೆ, ಕೆಳಗೆ ಮೊಳೆ ತೂರದ ಗಟ್ಟಿ ತಳ, ಹಿಂದೆ ಪಟ್ಟಿ, ವೆಲ್ಕ್ರೋ. ಬೆರಳ ಸಂದಿಯ ಗುಂಡಿ ಬೇಡ, ಅದು ಉಜ್ಜಿ ಗಾಯ ಮಾಡುತ್ತದೆ; ಜಾರಿ ಹೋಗುವುದೂ ಅಂಥವೇ. ಮೆತ್ತಗಿದೆ ಅನ್ನುವುದೊಂದೇ ಗುಣವಲ್ಲ. ಸ್ಪಂಜಿನಂಥದ್ದು ತಿಂಗಳೊಳಗೆ ಹಪ್ಪಳವಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ತಟ್ಟನೆ ಮೇಲೇಳಬೇಕು, ಏಳದಿದ್ದರೆ ಅದರ ಆಯಸ್ಸು ಮುಗಿದಿದೆ.

ಅಳತೆಯನ್ನು ಕಾಲು ಊದಿರುವ ಸಂಜೆ ತೆಗೆಯಿರಿ. ರಟ್ಟಿನ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಕತ್ತರಿಸಿ, ಆ ರಟ್ಟನ್ನು ಚಪ್ಪಲಿ ಶೂ ಒಳಗೆ ಇಟ್ಟು ನೋಡಿ. ಎಲ್ಲೂ ಮಡಚಬಾರದು, ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ‘ಬಿಗಿಯಾಗಿದ್ದರೆ ಚೆನ್ನಾಗಿ ಗೊತ್ತಾಗುತ್ತೆ’ ಅಂತ ಮರಗಟ್ಟಿದವರು ಒಂದು ನಂಬರ್ ಚಿಕ್ಕದನ್ನೇ ಆರಿಸುವುದು ವಾಡಿಕೆ. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಹಾಕಿ ಬಿಚ್ಚಿ ನೋಡಿ. ಕೆಂಪಾದ ಜಾಗ ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಅದು ನಿಮ್ಮದಲ್ಲ. ದಿನವೂ ಹಾಕುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿ: ಕಲ್ಲು, ಮೊಳೆಯ ತುದಿ, ಮಡಚಿದ ಲೈನಿಂಗು, ಮೊಮ್ಮಕ್ಕಳು ತುರುಕಿದ ಆಟದ ಸಾಮಾನು. ಕಾಲುಚೀಲ ತಿಳಿ ಬಣ್ಣದ್ದಿರಲಿ, ರಕ್ತ ಕೀವು ಕಾಣುತ್ತದೆ. ಮನೆಯೊಳಗೂ ಚಪ್ಪಲಿ ಬೇಕು, ಹೊರಗಿನದು ಬೇರೆ, ಒಳಗಿನದು ಬೇರೆ. ಮಡಿ ಅನ್ನುವವರ ಮನೆಯಲ್ಲಿ ಹೊಸ ಜೊತೆಯೊಂದನ್ನು ಒಳಗಿಗೆಂದೇ ಮೀಸಲಿಟ್ಟರೆ ಜಗಳವಿಲ್ಲ.

ಸಮತೋಲನದ ಮಾತೂ ಇದೆ. ಪಾದ ಸುದ್ದಿ ಕೊಡದಾಗ ನೆಟ್ಟಗೆ ನಿಲ್ಲಿಸುವುದು ಕಣ್ಣು. ಆದ್ದರಿಂದ ತಲೆಗೆ ನೀರು ಹೊಯ್ದು ಕಣ್ಣು ಮುಚ್ಚಿದ ಆ ಗಳಿಗೆಯಲ್ಲೇ ವಾಲಿ ಬೀಳುತ್ತಾರೆ. ಬಚ್ಚಲಲ್ಲಿ ಸ್ಟೂಲು, ಗೋಡೆಗೆ ಹಿಡಿಕೆ, ಹಾಸಿಗೆಯಿಂದ ಬಚ್ಚಲ ದಾರಿಗೆ ಸಣ್ಣ ದೀಪ ಇರಲಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ, ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಹುಣ್ಣಿದ್ದರೆ ಇದು ಬೇಡ. ಬ್ರೇಕ್ ಪೆಡಲಿನ ಮೇಲೆ ಬಲಗಾಲು ಎಲ್ಲಿದೆ ಅಂತ ನೋಡಿಯೇ ತಿಳಿಯಬೇಕಾಗಿದ್ದರೆ ಕಾರು ಓಡಿಸುವುದನ್ನು ನಿಲ್ಲಿಸುವ ಕಾಲ ಬಂದಿದೆ.

ಗಾಯವಿಲ್ಲ, ನೋವಿಲ್ಲ, ಆದರೆ ಒಂದು ಪಾದ ಕೆಂಪಾಗಿ ಊದಿ ಇನ್ನೊಂದಕ್ಕಿಂತ ಬಿಸಿ. ಇದನ್ನು ಉಳುಕು, ಯೂರಿಕ್ ಆಸಿಡ್, ಸೋಂಕು ಅಂತ ಎಣ್ಣೆ ನೀವಿಸಿಕೊಂಡು ನಡೆದಾಡುತ್ತಾರೆ. ಶಾರ್ಕೋ ಪಾದ ಆಗಿರಬಹುದು: ಒಳಗೆ ಮೂಳೆಗಳು ಮೆತ್ತಗಾಗಿ ಮುರಿಯುತ್ತಿರುತ್ತವೆ, ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಒದಗುತ್ತದೆ. ಅದನ್ನು ವಸ್ತುವಿನ ಶಾಖ ಅಳೆಯುವ ಮೋಡ್‌ಗೆ ಹಾಕಿ ಎರಡೂ ಪಾದದ ಅದೇ ಜಾಗಗಳನ್ನು ಹೋಲಿಸಿ. ಎರಡು ದಿನ ಬಿಡದೆ 2.2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಊರುಗೋಲು ಹಿಡಿದು ಭಾರ ಇಳಿಸಿ ಆಸ್ಪತ್ರೆಗೆ ಹೋಗಿ. ಕಣ್ಣಿಗೇ ಕಾಣುವಂತೆ ಊದಿದ್ದರೆ ಎರಡು ದಿನವೂ ಕಾಯುವುದು ಬೇಡ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ ತಿಂಗಳುಗಟ್ಟಲೆ ಭಾರ ಬಿಡದಂತೆ ನೋಡಿಕೊಳ್ಳದಿದ್ದರೆ ಪಾದದ ಕಮಾನು ಕುಸಿದು ಅಂಗಾಲು ತೊಟ್ಟಿಲ ಅಡಿಯಂತೆ ಉಬ್ಬಿಬಿಡುತ್ತದೆ.

ಗಾಯ ಕಂಡರೆ ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಸ್ಟೆರೈಲ್ ಗಾಜ್ ಬಟ್ಟೆ ಮುಚ್ಚಿ, ಆ ಕಾಲಿನ ಮೇಲೆ ನಡೆಯುವುದನ್ನು ನಿಲ್ಲಿಸಿ. ಕಾಫಿಪುಡಿ, ಸುಣ್ಣ, ಅರಿಸಿನ, ನೀರು ಬೆರೆಸದ ಡೆಟಾಲು ಯಾವುದೂ ಬೇಡ, ಬೊಬ್ಬೆ ಒಡೆಯುವುದೂ ಬೇಡ. ನೋವಿಲ್ಲ, ಸೋಮವಾರ ತೋರಿಸೋಣ ಅನ್ನುವಂತಿಲ್ಲ. ಒಂದು ದಿನದೊಳಗೆ ತೋರಿಸಬೇಕು. ಕೆಂಪು ಹರಡುತ್ತಿದ್ದರೆ, ವಾಸನೆ, ಜ್ವರ, ಕಾರಣವಿಲ್ಲದೆ ಏರಿದ ಸಕ್ಕರೆ ಇದ್ದರೆ ರಾತ್ರಿಯಾದರೂ ಸರಿ. ಪಾದ ಚಿಕಿತ್ಸೆಯ ವಿಭಾಗವೇ ಇರುವಲ್ಲಿ ಹೋದರೆ ಒಳ್ಳೆಯದು. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅದಿದೆ. ಹೋಗುವಾಗ ರಿಪೋರ್ಟು, ಮಾತ್ರೆಯ ಚೀಟಿಗಳ ಜೊತೆ ದಿನವೂ ಹಾಕುವ ಚಪ್ಪಲಿಯನ್ನೇ ಮೆಟ್ಟಿ ಹೋಗಿ, ಹೊಸದನ್ನಲ್ಲ. ಎಲ್ಲಿ ಸವೆದಿದೆ, ಎಲ್ಲಿ ಅಚ್ಚು ಒತ್ತಿದೆ ಅಂತ ತಿರುಗಿಸಿ ನೋಡಿದರೆ ಹುಣ್ಣು ಎಲ್ಲಿಂದ ಬಂತು ಅನ್ನುವುದು ಅವರಿಗೆ ಗೊತ್ತಾಗುತ್ತದೆ.